ಗೇಟಿನಿಂದ ಪೋರ್ಚಿನವರೆಗೆ ಕರಿಕಲ್ಲು: ಪುಣೆಯ ಎರೆ ಮಣ್ಣಿನ ಮೇಲೆ ಕಾಬಲ್‌ಸ್ಟೋನ್ ಹಾಕುವುದು ಹೇಗೆ

ನಮ್ಮ ಮನೆ ಪುಣೆಯ ಧಾಯರಿಯಲ್ಲಿದೆ. ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ 25 ಅಡಿ ಉದ್ದ, 10 ಅಡಿ ಅಗಲ. ಇಷ್ಟು ಜಾಗಕ್ಕೆ ನಾನು ಎರಡು ಸಲ ಕಲ್ಲು ಹಾಕಿಸಬೇಕಾಯಿತು. ಮೊದಲ ಸಲ ಗುತ್ತಿಗೆ ಕೊಟ್ಟೆ. ಮಾರ್ಚ್ ತಿಂಗಳು, ಮೂರೇ ದಿನದಲ್ಲಿ ಕೆಲಸ ಮುಗಿಯಿತು. ನೋಡಲು ಭಾರಿ ಚೆಂದ. ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಜುಲೈ ಹೊತ್ತಿಗೆ ಕಾರಿನ ಗಾಲಿ ಓಡಾಡುವ ಕಡೆ ಎರಡು ಉದ್ದನೆಯ ಗುಂಡಿ ಬಿದ್ದು ಅವುಗಳಲ್ಲಿ ನೀರು ನಿಂತಿತು. ನಾಲ್ಕು ಕಲ್ಲು ಎಬ್ಬಿಸಿ ನೋಡಿದೆ. ಕಲ್ಲಿಗೆ ಏನೂ ಆಗಿರಲಿಲ್ಲ. ಅದರ ಕೆಳಗಿನ ಮರಳು ಎರೆ ಮಣ್ಣಿನ ಜೊತೆ ಕಲೆತು ರಾಗಿ ಅಂಬಲಿಯ ಹಾಗೆ ಆಗಿತ್ತು. ಕೈ ಹಾಕಿದರೆ ಮೊಣಕೈವರೆಗೆ ಕಪ್ಪು.

ನಾನು ವಿಜಯಪುರದ ಕಡೆಯವನು. ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನೂ, ಮಳೆ ಬಿದ್ದ ಮೇಲೆ ಚಪ್ಪಲಿಯನ್ನೇ ಕಿತ್ತುಕೊಳ್ಳುವುದನ್ನೂ ನೋಡುತ್ತಾ ಬೆಳೆದವನು. ಅದೇ ಮಣ್ಣು ಪುಣೆಯಲ್ಲಿ ನನ್ನ ಕಾಲ ಕೆಳಗೇ ಇದ್ದರೂ ಹೊಳೆಯಲಿಲ್ಲ ನೋಡಿ. ಎರಡನೇ ಸಲ ಮಜೂರ್ ಅಡ್ಡಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗದಲ್ಲಿ, ಸಿಕ್ಕ ಕಲಬುರಗಿ ಕಡೆಯ ಇಬ್ಬರು ಗೌಂಡಿಗಳನ್ನು ಕರೆದುಕೊಂಡು ನಾನೇ ಕೂತು ಮಾಡಿದೆ. ಕೆಳಗೆ ಬರೆದಿರುವುದು ಆ ಎರಡನೇ ಸಲದ ಲೆಕ್ಕ.

ಮೊದಲು ಮಣ್ಣು ನೋಡಿ

ಕಲ್ಲಿನ ಅಂಗಡಿಗೆ ಹೋಗುವ ಮುಂಚೆ ಅಂಗಳದಲ್ಲಿ ಮೂರು ಕಡೆ ಎರಡೆರಡು ಅಡಿ ಆಳದ ಗುಂಡಿ ತೋಡಿ. ದಖನ್ನಿನ ಕರಿಕಲ್ಲು ಸವೆದು ಆದ ನೆಲ ಇದು. ಮೇಲೆ ಎರೆ ಮಣ್ಣು, ಅದರ ಕೆಳಗೆ ಮುರುಮ್ (ಬಂಡೆ ಸವೆದು ಆದ ಗರಸು), ಇನ್ನೂ ಕೆಳಗೆ ಬಂಡೆ. ಯಾವುದು ಎಷ್ಟು ಆಳದಲ್ಲಿದೆ ಅನ್ನುವುದು ಪಕ್ಕದ ಪ್ಲಾಟಿಗೂ ನಿಮ್ಮ ಪ್ಲಾಟಿಗೂ ಬೇರೆ ಇರಬಹುದು. ಗುಂಡಿಯ ತಳದ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಅಂಗೈಯಲ್ಲಿ ಶಾವಿಗೆ ಹೊಸೆದ ಹಾಗೆ ಹೊಸೆಯಿರಿ. ತುಂಡಾಗದೆ ತೆಳ್ಳಗೆ ಎಳೆ ಬಂದರೆ ಅದು ಜಿಗುಟು ಎರೆ. ಮುರುಮ್ ಆದರೆ ಎಳೆ ಬರುವುದಿಲ್ಲ, ಪುಡಿಯಾಗುತ್ತದೆ. ಮುರುಮ್ ಬೇಗ ಸಿಕ್ಕಿದರೆ ನಿಮ್ಮ ಅದೃಷ್ಟ, ಒಂದು ಪದರದ ಖರ್ಚು ಉಳಿಯಿತು.

ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕಲ್ಲಿನ ಸಂದುಗಳಲ್ಲಿ ನೀರು ಇಳಿದೇ ಇಳಿಯುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಇಳಿದ ನೀರು ಎರೆಯ ಮೇಲೆ ನಿಲ್ಲದೆ ಆಚೆ ಹೋಗಬೇಕು. ಮುಂದೆ ಹೇಳುವುದೆಲ್ಲ ಇದೊಂದಕ್ಕಾಗಿಯೇ.

ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಆದಮೇಲಿಂದ ಏಪ್ರಿಲ್‌ವರೆಗೆ. ಮುಂಗಾರು ಪುಣೆಗೆ ಬರುವುದು ಜೂನ್ ಎರಡನೇ ವಾರದ ಸುಮಾರಿಗೆ. ಆದರೆ ಮೇ ತಿಂಗಳಲ್ಲೇ ಗುಡುಗಿನ ಜೊತೆ ಅಡ್ಡಮಳೆ ಬಂದು ತೋಡಿಟ್ಟ ಗುಂಡಿಯನ್ನು ಕೆರೆ ಮಾಡಿಬಿಡುತ್ತದೆ.

ಕಲ್ಲು ಯಾವುದು

ಕಾಬಲ್‌ಸ್ಟೋನ್ ಅಂದರೆ ದಾರಿಗೆ ಹಾಸುವ ಚಿಕ್ಕ ಚೌಕ ಕಲ್ಲು, ಕಲ್ಲಿನ ಅಂಗಡಿಯಲ್ಲಿ ಇದಕ್ಕೆ ಕೋಬಲ್ ಅಂತಾರೆ. ಇಲ್ಲಿ ಅಗ್ಗಕ್ಕೆ ಸಿಗುವುದೂ ಗಟ್ಟಿ ಇರುವುದೂ ಕರಿಕಲ್ಲು, ಅಂದರೆ ಬಸಾಲ್ಟ್. ವಾಘೋಲಿ ಕಡೆ ಖಾಣಿಗಳು, ಅಂದರೆ ಕಲ್ಲಿನ ಕ್ವಾರಿಗಳು ಇವೆ. ಕೈಯಿಂದ ಒಡೆದ 4 ಇಂಚಿನ ಚೌಕ ಕಲ್ಲು ಕಾರು ಓಡಾಡುವ ಜಾಗಕ್ಕೆ ಸರಿ. ಬರೀ ಕಾಲುದಾರಿಗೆ 2–3 ಇಂಚು ದಪ್ಪ ಇದ್ದರೂ ನಡೆಯುತ್ತದೆ. ಮಷೀನಿನಲ್ಲಿ ಕೊಯ್ದು ಮೇಲ್ಮೈ ನುಣುಪು ಮಾಡಿದ ಕಲ್ಲು ಬೇಡ. ಮಳೆಗಾಲದಲ್ಲಿ ಸ್ಕೂಟರ್ ಜಾರುತ್ತದೆ.

ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಅಂದರೆ ತೆಗೆದುಕೊಳ್ಳಿ, ಡಬ್ ಅಂದರೆ ಬಿಡಿ. ಕೆಲವು ಕಲ್ಲುಗಳಲ್ಲಿ ಬಿಳಿ, ಹಸಿರು ಹರಳಿನ ಚುಕ್ಕೆಗಳಿರುತ್ತವೆ. ಪುಣೆ ಸುತ್ತಮುತ್ತಲಿನ ಖಾಣಿಗಳು ಇಂಥ ಹರಳುಗಳಿಗೆ ಹೆಸರುವಾಸಿ. ವಾಘೋಲಿಯ ನೀಲಿ ಕ್ಯಾವನ್‌ಸೈಟನ್ನು ಹರಳು ಕೂಡಿಡುವವರು ಹುಡುಕಿಕೊಂಡು ಬರುತ್ತಾರೆ. ಚೆಂದ ಇದೆ ಅಂತ ಗಾಲಿ ಹೋಗುವ ಕಡೆ ಮಾತ್ರ ಹಾಕಬೇಡಿ. ಚುಕ್ಕೆ ಜಾಸ್ತಿ ಇದ್ದಷ್ಟೂ ಕಲ್ಲು ಬೇಗ ಒಡೆಯುತ್ತದೆ. ನಾನು ಅಂಥ ಏಳೆಂಟು ಕಲ್ಲುಗಳನ್ನು ಆರಿಸಿ ತುಳಸಿ ಕಟ್ಟೆಯ ಸುತ್ತ ಹಾಕಿದೆ.

ಇಳಕಲ್ಲಿನ ಕೆಂಪು ಗ್ರಾನೈಟ್ ನಡುನಡುವೆ ಒಂದೊಂದು ಸಾಲು ಹಾಕಿದರೆ ಚೆನ್ನಾಗಿ ಕಾಣುತ್ತದೆ, ಊರಿನ ನೆನಪೂ ಆಗುತ್ತದೆ. ಪುಣೆಯ ಹಳೇ ಮನೆಗಳಲ್ಲೆಲ್ಲ ಇರುವ ಶಹಾಬಾದ್ ಫರ್ಶಿಯೂ ನಮ್ಮ ಕಲಬುರಗಿಯದೇ. ಆದರೆ ಅದು ಸುಣ್ಣದ ಕಲ್ಲು, ಹಾಳೆ ಹಾಳೆಯಾಗಿ ಏಳುತ್ತದೆ. ಕಾರಿನ ಕೆಳಗೆ ಬೇಡ. ಗೋವಾದಿಂದ ಚಿರೇಕಲ್ಲು ತರಿಸೋಣ ಅಂತ ನಮ್ಮ ಮನೆಯವರು ಅಂದಿದ್ದರು. ಗೋಡೆಗೆ ಅದು ಬಹಳ ಒಳ್ಳೆಯದು, ಗಾಲಿಯ ಕೆಳಗೆ ಸವೆದುಹೋಗುತ್ತದೆ.

ಲೆಕ್ಕ

4 ಇಂಚಿನ ಕಲ್ಲು, ನಡುವೆ 1 ಸೆಂಟಿಮೀಟರ್ ಸಂದು ಬಿಟ್ಟರೆ ಒಂದು ಚದರ ಮೀಟರಿಗೆ ಸುಮಾರು 82 ಕಲ್ಲು ಬೇಕು. ನನ್ನ 250 ಚದರ ಅಡಿ ಅಂದರೆ 23 ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. 1,920 ಕಲ್ಲು, ಒಡೆದಿದ್ದು ಹೋಗಿದ್ದು ಸೇರಿ ಮೊದಲ ಸಲವೇ 2,050 ತರಿಸಿದ್ದೆ. ಒಂದೊಂದೂ 3 ಕಿಲೋ ಹತ್ತಿರ ತೂಗುತ್ತದೆ, ಒಟ್ಟು 6 ಟನ್. ಟೆಂಪೋದವನಿಗೆ ಇದನ್ನು ಮೊದಲೇ ಹೇಳಿ.

ಪುಣೆ, ಮುಂಬೈ ಕಡೆ ಮಾಲು ಅಳೆಯುವುದು ಬ್ರಾಸಿನಲ್ಲಿ. ಖಡಿ (ಜಲ್ಲಿ), ಮರಳು, ಮುರುಮ್‌ಗೆ ಒಂದು ಬ್ರಾಸ್ ಅಂದರೆ 100 ಘನ ಅಡಿ. ಆದರೆ ಫರ್ಶಿ, ಪ್ಲಾಸ್ಟರ್ ಕೆಲಸದ ಕೂಲಿಗೆ ಬ್ರಾಸ್ ಅಂದರೆ 100 ಚದರ ಅಡಿ. ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತಾರೆ, ನಾವು ಗೊಂದಲಕ್ಕೆ ಬೀಳುತ್ತೇವೆ. ಯಾವ ಬ್ರಾಸ್ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಕೆಳಗಿನಿಂದ ಮೇಲಕ್ಕೆ ನನ್ನ ಪದರಗಳು ಹೀಗಿವೆ: ನಾಲ್ಕೂವರೆ ಇಂಚು ಮುರುಮ್, 8 ಇಂಚು ಜಿಎಸ್‌ಬಿ, ಒಂದೂವರೆ ಇಂಚು ಕ್ರಶ್ ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು), 4 ಇಂಚು ಕಲ್ಲು. ಒಟ್ಟು 18 ಇಂಚು. ಜಿಎಸ್‌ಬಿ ಅಂದರೆ ರಸ್ತೆ ಕೆಲಸಕ್ಕೆ ಬಳಸುವ, ದೊಡ್ಡದರಿಂದ ಸಣ್ಣದರವರೆಗೆ ಎಲ್ಲ ಗಾತ್ರ ಕೂಡಿದ ಖಡಿ. ಒಂದೇ ಗಾತ್ರದ ಖಡಿ ತಂದರೆ ಎಷ್ಟು ಬಡಿದರೂ ಗೋಲಿಗಳ ಹಾಗೆ ಉರುಳುತ್ತಲೇ ಇರುತ್ತದೆ. ಬಡಿದ ಮೇಲೆ ಮಾಲು ಕಾಲು ಭಾಗದಷ್ಟು ಕುಗ್ಗುತ್ತದೆ ಅನ್ನುವುದನ್ನೂ ಸೇರಿಸಿ ಮುರುಮ್ 1.2 ಬ್ರಾಸ್, ಜಿಎಸ್‌ಬಿ 2.2 ಬ್ರಾಸ್, ಕ್ರಶ್ ಸ್ಯಾಂಡ್ 0.6 ಬ್ರಾಸ್ ಹಿಡಿಯಿತು. ತೋಡಿದ ಎರೆ ಮಣ್ಣು ಸಡಿಲಾಗಿ 5 ಬ್ರಾಸ್ ಹತ್ತಿರ ಬಂತು. ಅದರ ಚಿಂತೆ ಬೇಡ, ತೋಟಕ್ಕೆ ಬೇಕು ಅಂತ ಕೇಳಿ ಒಯ್ಯುವವರು ಇದ್ದೇ ಇರುತ್ತಾರೆ.

ಕೆಳಗೆ ಮುರುಮ್ ನೆಲ ಸಿಕ್ಕಿದವರಿಗೆ ಮುರುಮ್ ಪದರ ಬೇಡ, 14 ಇಂಚು ತೋಡಿದರೆ ಸಾಕು. ಕಾಲುದಾರಿಗೆ 4 ಇಂಚು ಜಿಎಸ್‌ಬಿ ಸಾಕು.

ತೋಡುವುದು, ಇಳಿಜಾರು, ಪೈಪು

ತೋಡುವ ಮುಂಚೆ ನೀರಿನ ಪೈಪು, ಡ್ರೈನೇಜು, ಕರೆಂಟಿನ ಕೇಬಲ್ಲು ಎಲ್ಲಿ ಹೋಗಿವೆ ಅಂತ ಗುರುತು ಮಾಡಿಕೊಳ್ಳಿ. ಮನೆ ಕಟ್ಟಿದವರ ನೆನಪನ್ನು ನಂಬಬೇಡಿ. ಪೈಪು ಇರಬಹುದು ಅನ್ನಿಸಿದ ಕಡೆ ಗುದ್ದಲಿ ಬಿಟ್ಟು ಕೈಯಿಂದ ಕೆದಕಿ. ಇದೇ ಹೊತ್ತಿಗೆ ದಾರಿಗೆ ಅಡ್ಡವಾಗಿ 4 ಇಂಚಿನ ಎರಡು ಖಾಲಿ ಪಿವಿಸಿ ಪೈಪು ಹೂತುಬಿಡಿ, ಎರಡೂ ತುದಿಗೆ ಮುಚ್ಚಳ ಹಾಕಿ. ನಾಳೆ ಗೇಟಿಗೆ ಕ್ಯಾಮೆರಾ, ತೋಟಕ್ಕೆ ನೀರು, ಕಾರಿಗೆ ಚಾರ್ಜರ್, ಏನು ಬೇಕಾದರೂ ಬರಬಹುದು.

ಕಲ್ಲಿನ ಮೇಲ್ಮಟ್ಟ ಮನೆಯ ಪ್ಲಿಂತಿನಿಂದ, ಅಂದರೆ ಪಾಯದ ಮೇಲಿನ ಕಟ್ಟೆಯ ಮಟ್ಟದಿಂದ, ಕಡಿಮೆ ಅಂದರೂ 6 ಇಂಚು ಕೆಳಗೆ ಇರಲಿ. ಇಳಿಜಾರು 50ಕ್ಕೆ 1. ಅಂದರೆ 10 ಅಡಿ ಅಗಲಕ್ಕೆ ಸುಮಾರು ಎರಡೂವರೆ ಇಂಚು. ನಾನು ಉದ್ದಕ್ಕೆ ಬಿಟ್ಟು ಅಡ್ಡಕ್ಕೆ ಕೊಟ್ಟೆ, ಮನೆಯ ಕಡೆಯಿಂದ ತೋಟದ ಕಡೆಗೆ. ಗೇಟಿನ ಕಡೆಗೆ ಕೊಟ್ಟರೆ ನೀರೆಲ್ಲ ರಸ್ತೆಗೆ ಹೋಗಿ ಪಕ್ಕದವರ ಜೊತೆ ಜಗಳ. ಇನ್ನು ಗೇಟಿನ ಕೆಳಗೆ ಎಷ್ಟು ಜಾಗ ಇದೆ ಅಂತ ಈಗಲೇ ಅಳೆದುಕೊಳ್ಳಿ. ನಮ್ಮ ಮೊದಲನೇ ದಾರಿಯಲ್ಲಿ ಗೇಟು ಕಲ್ಲಿಗೆ ತಾಗಿ ದಿನಾ ಬೆಳಿಗ್ಗೆ ಕಿರ್ ಅನ್ನುತ್ತಿತ್ತು.

ಮಟ್ಟ ನೋಡಲು ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಒಳಗೆ ಗುಳ್ಳೆ ಇಲ್ಲ ಅಂತ ನೋಡಿಕೊಳ್ಳಿ. ಗೂಟ ನೆಟ್ಟು ದಾರ ಕಟ್ಟಿ.

ಮೊದಲ ಸಲ ತಪ್ಪಿದ್ದು ಇಳಿಜಾರಿನ ವಿಷಯದಲ್ಲೇ. ಮೇಲಿನ ಕಲ್ಲಿಗೆ ಇಳಿಜಾರು ಇತ್ತು, ಗುಂಡಿಯ ತಳ ಮಾತ್ರ ತಟ್ಟೆಯ ಹಾಗೆ ಚಪ್ಪಟೆ. ಸಂದುಗಳಲ್ಲಿ ಇಳಿದ ನೀರಿಗೆ ಹೋಗಲು ದಾರಿ ಇರಲಿಲ್ಲ, ಆ ತಟ್ಟೆಯಲ್ಲೇ ನಿಂತು ಎರೆಯನ್ನು ನೆನೆಸಿತು. ಹಾಗಾಗಿ ಈ ಸಲ ತಳಕ್ಕೂ ಅದೇ 50ಕ್ಕೆ 1 ಇಳಿಜಾರು ಕೊಟ್ಟೆ. ತಗ್ಗಿನ ಬದಿಯಲ್ಲಿ ಉದ್ದಕ್ಕೂ ತೂತುಗಳಿರುವ 4 ಇಂಚಿನ ಪೈಪು ಹಾಕಿ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಮನೆಯ ಪಾಯದಿಂದ ದೂರ ಇರುವ ಇಂಗುಗುಂಡಿಗೆ ಬಿಟ್ಟೆ.

ತಳ ಕಟ್ಟುವುದು

ತೋಡಿದ ಎರೆಯನ್ನು ಒಂದು ಸುತ್ತು ಬಡಿದು ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಹಾಸಿ. ನೇಯದೆ ಒತ್ತಿ ಮಾಡಿದ, ಕಂಬಳಿಯಂತಿರುವ ಬಟ್ಟೆ ಕೇಳಿ. 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ಇದ್ದರೆ ಸಾಕು. ಎರಡು ಹಾಳೆ ಸೇರುವ ಕಡೆ ಒಂದು ಅಡಿ ಒಂದರ ಮೇಲೊಂದು ಬರಲಿ. ಅದು ನೀರನ್ನು ಬಿಡುತ್ತದೆ, ಮಣ್ಣು ಮೇಲೆ ಬಂದು ಖಡಿಯ ಜೊತೆ ಕಲೆಯಲು ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಕಬೇಡಿ, ನೀರು ಅಲ್ಲೇ ನಿಲ್ಲುತ್ತದೆ. ಎರೆ ಬಹಳ ಆಳಕ್ಕೆ ಇದ್ದವರು ತಳದ 6 ಇಂಚು ಮಣ್ಣಿಗೆ ತೂಕದ ನೂರಕ್ಕೆ ನಾಲ್ಕೈದು ಭಾಗ ಸುಣ್ಣದ ಪುಡಿ ಕಲಸಿ ಬಡಿಯುವುದೂ ಉಂಟು. ಮಣ್ಣಿನ ಉಬ್ಬುವ ಗುಣ ಕಡಿಮೆಯಾಗುತ್ತದೆ. ಕಲಸುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಂಡಿರಿ, ಸುಣ್ಣ ಸುಡುತ್ತದೆ.

ಇನ್ನು ಬಡಿಯುವುದು. ಕೈಯಿಂದ ಎತ್ತಿ ಬಡಿಯುವ ಧುಮ್ಮಸ್ಸಿನಿಂದ ಬಡಿದರೆ ಕಾಲುದಾರಿಗೆ ಸಾಕು, ಕಾರಿಗೆ ಸಾಲದು. ಪ್ಲೇಟ್ ಕಂಪ್ಯಾಕ್ಟರ್, ಅಂದರೆ ಅದುರುವ ತಟ್ಟೆಯಿಂದ ನೆಲ ಬಡಿಯುವ ಮಷೀನ್, ದಿನದ ಬಾಡಿಗೆಗೆ ಸಿಗುತ್ತದೆ, ತಂದುಬಿಡಿ. ಒಂದೇ ಸಲ 8 ಇಂಚು ಸುರಿದು ಬಡಿದರೆ ಮೇಲಿನ ನಾಲ್ಕು ಇಂಚು ಗಟ್ಟಿ, ಕೆಳಗೆ ಸಡಿಲು. 3–4 ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ನಾಲ್ಕೈದು ಸಲ ಮಷೀನ್ ಓಡಿಸಿ, ಆಮೇಲೆ ಮುಂದಿನ ಪದರ. ನೀರು ಎಷ್ಟು? ಮುರುಮ್ ಒಂದು ಹಿಡಿ ತೆಗೆದುಕೊಂಡು ಉಂಡೆ ಕಟ್ಟಿ. ಉಂಡೆ ನಿಲ್ಲಬೇಕು, ಬೀಳಿಸಿದರೆ ಎರಡು ಮೂರು ತುಂಡಾಗಬೇಕು, ಅಂಗೈಗೆ ತಂಪು ಹತ್ತಬೇಕು ಅಷ್ಟೇ. ನೀರು ಜಿನುಗಿದರೆ ಜಾಸ್ತಿಯಾಯಿತು, ಬಿಸಿಲಿಗೆ ಬಿಟ್ಟು ಊಟ ಮಾಡಿ ಬನ್ನಿ.

ತಳ ಮುಗಿದ ಮೇಲೆ ನಾನು ಒಂದು ಕೆಲಸ ಮಾಡಿದೆ. ಗೌಂಡಿಗಳು ನಕ್ಕರು. ಚೆನ್ನಾಗಿ ನೀರು ಬಿಟ್ಟು, ಎರಡು ದಿನ ಹಾಗೇ ಇಟ್ಟು, ಅದರ ಮೇಲೆ ಕಾರನ್ನು ಹಿಂದೆ ಮುಂದೆ ಇಪ್ಪತ್ತು ಸಲ ಓಡಿಸಿದೆ. ಗೇಟಿನ ಹತ್ತಿರ ಒಂದು ಕಡೆ ಗಾಲಿಯ ಗುರುತು ಮೂಡಿತು. ಅಲ್ಲಿ ಹಳೇ ನೀರಿನ ಪೈಪಿನ ಗುಂಡಿ ಮುಚ್ಚಿದ್ದ ಸಡಿಲು ಮಣ್ಣು ಇತ್ತು. ತೆಗೆದು ಮತ್ತೆ ತುಂಬಿದೆವು. ಆಮೇಲೆ ನಗಲಿಲ್ಲ.

ಅಂಚು

ಕಲ್ಲುಗಳನ್ನು ಹಿಡಿದಿಡುವುದು ಅಂಚು. ಎರಡೂ ಬದಿಗೆ ಉದ್ದನೆಯ ಕರ್ಬ್ ಕಲ್ಲುಗಳನ್ನು 4 ಇಂಚು ಕಾಂಕ್ರೀಟಿನ ಮೇಲೆ ಕೂರಿಸಿ, ಹೊರಗಿನಿಂದ ಕಾಂಕ್ರೀಟನ್ನು ಇಳಿಜಾರಾಗಿ ಆನಿಸಿ. ಸಿಮೆಂಟ್, ಮರಳು, ಖಡಿ 1:2:4 ಸಾಕು. ಏಳು ದಿನ ನೀರು ಹಾಕಿ. ಅವಸರ ಮಾಡಿ ಮಾರನೇ ದಿನವೇ ಪಕ್ಕದಲ್ಲಿ ಮಷೀನ್ ಓಡಿಸಿದರೆ ಅಂಚು ಬಿರುಕು ಬಿಡುತ್ತದೆ. ತಗ್ಗಿನ ಬದಿಯ ಕರ್ಬನ್ನು ಕಲ್ಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಡಿ, ಇಲ್ಲದಿದ್ದರೆ ಮೇಲೆ ಹರಿಯುವ ನೀರಿಗೆ ನೀವೇ ಕಟ್ಟೆ ಕಟ್ಟಿದ ಹಾಗೆ.

ಕಲ್ಲು ಕೂರಿಸುವುದು

ಮೊದಲು ವಿಂಗಡಣೆ. ಕೈಯಿಂದ ಒಡೆದ ಕಲ್ಲು ಎಲ್ಲವೂ 4 ಇಂಚು ಅಂತ ಹೇಳಿ ಕೊಡುತ್ತಾರೆ, ಮೂರೂವರೆಯಿಂದ ನಾಲ್ಕೂವರೆವರೆಗೆ ಇರುತ್ತವೆ. ಅಗಲ ನೋಡಿ ಮೂರು ರಾಶಿ ಮಾಡಿ. ಒಂದು ಸಾಲಿಗೆ ಒಂದೇ ರಾಶಿಯ ಕಲ್ಲು. ನಮಗೆ ಇದಕ್ಕೇ ಒಂದು ದಿನ ಹೋಯಿತು, ಮಕ್ಕಳೂ ಕೈ ಹಾಕಿದರು.

ಹಾಸು ಮರಳಿಗೆ ತೊಳೆದ ಕ್ರಶ್ ಸ್ಯಾಂಡ್ ಇರಲಿ. ಕ್ರಷರಿನ ಡಸ್ಟ್ ಅಗ್ಗಕ್ಕೆ ಸಿಗುತ್ತದೆ, ಬೇಗ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ಅದರಲ್ಲಿ ಹಿಟ್ಟಿನಂಥ ಪುಡಿ ಜಾಸ್ತಿ. ನೀರು ಹಿಡಿದಿಟ್ಟುಕೊಂಡು ಗಾಲಿಯ ಕೆಳಗೆ ಕೆಸರಾಗುತ್ತದೆ. ಮರಳನ್ನು ಒಂದು ಹಿಡಿ ಉಜ್ಜಿ, ಕೈ ಝಾಡಿಸಿ ನೋಡಿ. ಅಂಗೈ ಬೂದಿ ಬಣ್ಣಕ್ಕೆ ತಿರುಗಿದರೆ ವಾಪಸ್ ಕಳಿಸಿ.

ಸಾಲುಗಳು ಕಾರು ಹೋಗುವ ದಿಕ್ಕಿಗೆ ಅಡ್ಡ ಬರಬೇಕು. ಉದ್ದಕ್ಕೆ ನೇರ ಸಂದು ಬಿದ್ದರೆ ಗಾಲಿ ಅದರಲ್ಲೇ ಓಡಿ ಕಲ್ಲನ್ನು ಪಕ್ಕಕ್ಕೆ ತಳ್ಳುತ್ತದೆ. ಇಟ್ಟಿಗೆ ಗೋಡೆಯ ಹಾಗೆ ಒಂದು ಸಾಲಿನ ಸಂದು ಮುಂದಿನ ಸಾಲಿನ ಕಲ್ಲಿನ ನಡುವೆ ಬರಲಿ. ಬೀಸಣಿಗೆಯ ವಿನ್ಯಾಸ ಕಣ್ಣಿಗೆ ಹಬ್ಬ, ನಿಜ. ಆದರೆ ಮೊದಲ ಸಲ ಮಾಡುವವರು ಅದಕ್ಕೆ ಕೈ ಹಾಕಬೇಡಿ.

ಗೇಟಿನಿಂದ ಶುರು ಮಾಡಿ ಒಳಗೆ ಬನ್ನಿ. ಮೂರು ಮೂರು ಅಡಿಗೆ ಅಡ್ಡ ದಾರ ಕಟ್ಟಿ. ಪೇವರ್ ಬ್ಲಾಕಿನ ಹಾಗೆ ಮರಳನ್ನು ನುಣ್ಣಗೆ ಎಳೆದು ಮೇಲೆ ಜೋಡಿಸುತ್ತಾ ಹೋಗಲು ಇಲ್ಲಿ ಆಗುವುದಿಲ್ಲ, ಯಾಕೆಂದರೆ ಒಂದೊಂದು ಕಲ್ಲಿನ ಆಳ ಒಂದೊಂದು. ಎಡಗೈಯಲ್ಲಿ ಕಲ್ಲು ಹಿಡಿದು ತಿರುಗಿಸಿ ನೋಡಿ. ಒಂದು ಮುಖ ಅಗಲ, ಅದರ ಎದುರು ಮುಖ ಸ್ವಲ್ಪ ಚಿಕ್ಕದು. ಅಗಲದ್ದು ಮೇಲೆ. ಬಲಗೈಯ ಕರಣೆಯಿಂದ ಆ ಕಲ್ಲಿಗೆ ಎಷ್ಟು ಬೇಕೋ ಅಷ್ಟು ಮರಳು ಕೆದರಿ ಗೂಡು ಮಾಡಿ. ಕಲ್ಲು ಇಟ್ಟು ಸುತ್ತಿಗೆಯಿಂದ ಎರಡು ಏಟು. ಮೊದಲನೇ ಏಟಿಗೆ ಸದ್ದು ಟೊಳ್ಳು. ಕಲ್ಲು ಕೂತಾಗ ಸದ್ದು ಮೊಂಡಾಗುತ್ತದೆ, ಸುತ್ತಿಗೆ ಕೈಯಲ್ಲಿ ಕುಣಿಯುವುದು ನಿಲ್ಲುತ್ತದೆ. ನಮ್ಮ ಹಿರಿಯ ಗೌಂಡಿ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಇದನ್ನು ಹೇಳುತ್ತಿದ್ದರು: ‘ಅದು ಇನ್ನಾ ಕುಂತಿಲ್ರೀ ಸಾಹೇಬ್ರ, ಎಬ್ಬಸ್ರಿ.’ ಎಬ್ಬಿಸಿ ನೋಡಿದರೆ ಒಂದು ಮೂಲೆಯ ಕೆಳಗೆ ಮರಳೇ ಇರುತ್ತಿರಲಿಲ್ಲ.

ಒಂದೊಂದು ಕಲ್ಲಿನ ನಾಲ್ಕೂ ಮೂಲೆಗೆ ಹೆಬ್ಬೆರಳು ಒತ್ತಿ. ಅಲುಗಿದರೆ ತೆಗೆದು ಮತ್ತೆ ಇಡಿ. ಕೆಳಗೆ ಚೂರು ಕಲ್ಲು ತುರುಕಿ ಸರಿ ಮಾಡಬೇಡಿ, ಅದೇ ಮುಂದೆ ಕೀಲಿನ ಹಾಗಾಗಿ ಕಲ್ಲು ಕುಣಿಯುತ್ತದೆ. ಬೇಕಾದ ಮಟ್ಟಕ್ಕಿಂತ 8–10 ಮಿಲಿಮೀಟರ್ ಎತ್ತರ ಬಿಡಿ, ಮಷೀನ್ ಓಡಿಸಿದಾಗ ಅಷ್ಟು ಇಳಿಯುತ್ತದೆ. ಹೊಸಬರಿಗೆ ದಿನಕ್ಕೆ 25–30 ಚದರ ಅಡಿ ಆದರೆ ದೊಡ್ಡದು. ಮಂಡಿಗೆ ಪ್ಯಾಡ್ ಕಟ್ಟಿಕೊಳ್ಳಿ. ನಾನು ಮೊದಲ ದಿನ ಗೋಣಿಚೀಲ ಸಾಕು ಅಂದುಕೊಂಡೆ, ಮಾರನೇ ದಿನ ಮೆಟ್ಟಿಲು ಹತ್ತಲು ಆಗಲಿಲ್ಲ.

ಅಂಚಿಗೆ ಬಂದಾಗ ಅರ್ಧ ಕಲ್ಲು ಬೇಕಾಗುತ್ತದೆ. ಉಳಿ, ಸುತ್ತಿಗೆಯಿಂದ ಸುತ್ತಲೂ ಗೆರೆ ಹೊಡೆದು ಒಡೆಯಬಹುದು. ಗ್ರೈಂಡರ್ ಬಳಸುವುದಾದರೆ ನೀರು ಬಿಡುತ್ತಾ ಕೊಯ್ಯಿರಿ. ಕನ್ನಡಕ, ಮಾಸ್ಕ್ ಬಿಡಬೇಡಿ, ಗ್ರಾನೈಟಿನ ಪುಡಿಯಂತೂ ಪುಪ್ಪುಸಕ್ಕೆ ಬಹಳ ಕೆಟ್ಟದ್ದು. ಅರ್ಧಕ್ಕಿಂತ ಚಿಕ್ಕ ಚೂರನ್ನು ಅಂಚಿನಲ್ಲಿ ಹಾಕಬೇಡಿ, ಕಿತ್ತು ಬರುತ್ತದೆ. ಅದರ ಬದಲು ಹಿಂದಿನ ಎರಡು ಮೂರು ಸಂದುಗಳನ್ನು ಒಂದಿಷ್ಟು ಹಿಗ್ಗಿಸಿ ಸರಿದೂಗಿಸಿ.

ಸಂದು ತುಂಬುವುದು

ಒಣ ಕ್ರಶ್ ಸ್ಯಾಂಡ್ ಹರಡಿ ಪೊರಕೆಯಿಂದ ಅಡ್ಡಡ್ಡ ಗುಡಿಸಿ. ನೀರು ಚಿಮುಕಿಸಿ ಇಳಿಸಿ, ಮತ್ತೆ ಗುಡಿಸಿ. ಆಮೇಲೆ ಪ್ಲೇಟ್ ಕಂಪ್ಯಾಕ್ಟರಿಗೆ ಅಡಿಯಲ್ಲಿ ರಬ್ಬರ್ ಹಾಳೆ ಕಟ್ಟಿ ಓಡಿಸಿ. ರಬ್ಬರ್ ಇಲ್ಲದೆ ಓಡಿಸಿದರೆ ಕಲ್ಲಿನ ಮೂಲೆ ಹಾರುತ್ತದೆ. ಸಂದು ಇಳಿದ ಕಡೆ ಮತ್ತೆ ಮರಳು. ಮೂರು ಸುತ್ತಾದರೂ ಬೇಕು.

ಸಿಮೆಂಟ್ ರಾಡಿ ಸುರಿದು ಸಂದು ಮುಚ್ಚಿಬಿಡೋಣ, ಹುಲ್ಲು ಬರುವುದಿಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಕೆಳಗಿನ ಮರಳು, ಖಡಿ ಕೂದಲಷ್ಟು ಅಲುಗಾಡುತ್ತವೆ, ಸಿಮೆಂಟಿಗೆ ಅಲುಗಾಡಲು ಬರುವುದಿಲ್ಲ. ಬಿರುಕು ಬಿಟ್ಟು ಆ ಬಿರುಕಿನಲ್ಲೇ ನೀರು ಇಳಿಯುತ್ತದೆ. ಸಿಮೆಂಟ್ ಸಂದೇ ಬೇಕು ಅನ್ನುವವರು ಕೆಳಗೂ ಕಾಂಕ್ರೀಟ್ ಹಾಕಿ ಕಲ್ಲನ್ನು ಗಾರೆಯ ಮೇಲೆ ಕೂರಿಸಬೇಕು. ಆಗ ನೀರು ಇಂಗುವ ಮಾತು ಮರೆತುಬಿಡಿ, ಮುಂದೆ ಪೈಪು ಒಡೆದರೆ ಡ್ರಿಲ್ ತರಿಸಬೇಕು. ನನ್ನ ಮೊದಲನೇ ದಾರಿಯ ಕಲ್ಲೆಲ್ಲ ಎರಡನೇ ದಾರಿಗೂ ಬಂದಿದ್ದು ಅದರಲ್ಲಿ ಸಿಮೆಂಟ್ ಇರಲಿಲ್ಲ ಅಂತಲೇ. ಹೊಸದಾಗಿ ತಂದಿದ್ದು ಒಡೆದವಕ್ಕೆ ಬದಲಿ ಅಷ್ಟೇ.

ಕೊನೆಗೆ ಒಂದು ಬಕೆಟ್ ನೀರು ಮನೆಯ ಬದಿಯಿಂದ ಸುರಿಯಿರಿ. ತೋಟದ ಕಡೆ ಓಡಿದರೆ ಸರಿ. ನಡುವೆ ಎಲ್ಲಾದರೂ ನಿಂತರೆ ಈಗಲೇ ನಾಲ್ಕು ಕಲ್ಲು ಎಬ್ಬಿಸಿ ಸರಿ ಮಾಡಿ.

ಮೊದಲ ಮಳೆಗಾಲ

ಜೂನ್, ಜುಲೈಯಲ್ಲಿ ಸಂದಿನ ಮರಳು ಸ್ವಲ್ಪ ಇಳಿದೇ ಇಳಿಯುತ್ತದೆ, ಗಾಬರಿ ಬೇಡ. ಒಂದು ಚೀಲ ಒಣ ಮರಳು ಮೂಲೆಯಲ್ಲಿ ಇಟ್ಟುಕೊಂಡು, ಬಿಸಿಲು ಬಿದ್ದ ದಿನ ಗುಡಿಸಿಬಿಡಿ. ನೆರಳಿರುವ ಕಡೆ ಪಾಚಿ ಬರುತ್ತದೆ, ಗಟ್ಟಿ ಪೊರಕೆಯಿಂದ ಉಜ್ಜಿ. ಪ್ರೆಶರ್ ವಾಷರ್ ತಂದು ಹೊಡೆದರೆ ಪಾಚಿಯ ಜೊತೆ ಸಂದಿನ ಮರಳೂ ಹಾರಿಹೋಗುತ್ತದೆ. ಸಂದಿನಲ್ಲಿ ಗರಿಕೆ ಎದ್ದರೆ ಎಳೆದು ತೆಗೆಯಿರಿ. ನಮ್ಮ ಮನೆಯಲ್ಲಿ ಅಮ್ಮ ಗಣಪತಿ ಹಬ್ಬದ ತನಕ ಅದನ್ನು ಮುಟ್ಟಲು ಬಿಡುವುದಿಲ್ಲ.

ನಮ್ಮ ಎರಡನೇ ದಾರಿಯಲ್ಲಿ ಮೊದಲ ಮಳೆಗಾಲಕ್ಕೆ ಕುಸಿದಿದ್ದು ಆರು ಕಲ್ಲು, ಎಲ್ಲವೂ ಡ್ರೈನೇಜ್ ಚೇಂಬರಿನ ಮುಚ್ಚಳದ ಸುತ್ತ. ಅಲ್ಲಿಗೆ ಮಷೀನ್ ಹೋಗಿರಲಿಲ್ಲ, ಕೈಯಿಂದ ಬಡಿದಿದ್ದೆವು. ಅಕ್ಟೋಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಎಬ್ಬಿಸಿ, ಮರಳು ತುಂಬಿ ಮತ್ತೆ ಕೂರಿಸಿದೆ. ಚಹಾ ಆರುವುದರೊಳಗೆ ಮುಗಿಯಿತು.